ಆಕ್ಸಲ್ ಕೀಲಿನ ಬೂಟು

ಮುಂದಿನ ಗಾಲಿಗಳಿಂದ ಚಾಲಿತವಾಗುವ ಕಾರುಗಳಲ್ಲಿ, ಆಕ್ಸಲ್ ದಂಡದ ತುದಿಯ ಸಮವೇಗ ಕೀಲನ್ನು ಆವರಿಸಿ, ಒಳಗಿನ ಗ್ರೀಸು ಹೊರಚೆಲ್ಲದಂತೆಯೂ ಹೊರಗಿನ ಧೂಳು ನೀರುಗಳು ಒಳಹೊಗದಂತೆಯೂ ಕಾಪಾಡುವ, ಮಡಿಕೆಗಳುಳ್ಳ ರಬ್ಬರಿನ ಕವಚ. ಗಾಲಿಯು ಎತ್ತ ಹೊರಳಿದರೂ ಅದಕ್ಕೆ ಏಕರೂಪವಾದ ಭ್ರಮಣವೇಗವನ್ನು ಒದಗಿಸುವ ಈ ಕೀಲಿನ ಪ್ರಸಿದ್ಧ ರೂಪವನ್ನು, ಆರು ಉಕ್ಕಿನ ಗುಂಡುಗಳನ್ನು ಅಳವಡಿಸಿ, 1920ರ ದಶಕದಲ್ಲಿ ನಿರ್ಮಿಸಿದವನು ಆಲ್ಫ್ರೆಡ್ ರ್ಜೆಪ್ಪಾ.

ಹಿಂದಿನ ಗಾಲಿಗಳಿಂದ ನಡೆಯುತ್ತಿದ್ದ ಅಂಬಾಸಿಡರ್, ಪದ್ಮಿನಿಗಳಿಗೆ ಅನಾವಶ್ಯಕವಾಗಿದ್ದ ಈ ಬೂಟು, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರೊಡನೆ ಭಾರತದಲ್ಲಿ ಸರ್ವಪರಿಚಿತವಾಯಿತು. ಬೇಸಿಗೆಯಲ್ಲಿ ತಾಪವು 40 ಡಿಗ್ರಿಯನ್ನು ಮೀರುವ, ಮಳೆಗಾಲದಲ್ಲಿ ಬೀದಿಗಳು ಜಲಾವೃತವಾಗುವ ಹೈದರಾಬಾದಿನಂಥ ನಗರದಲ್ಲಿ ಹಳೆಯ ಬೂಟು ಬಿರಿಯುವುದು ಸಹಜ. ಗಾಲಿಯ ಒಳಮೈಯಲ್ಲಿ ಸಿಡಿದ ಗ್ರೀಸು ಮೊದಲ ಲಕ್ಷಣ. ತಿರುವಿನಲ್ಲಿ ಕೇಳುವ ಟಕಟಕ ಸದ್ದು ಕೊನೆಯದು.

ಬೂಟನ್ನು ಬದಲಿಸಲು, ಗಾಲಿಯು ನೆಲದ ಮೇಲಿರುವಾಗಲೇ ಆಕ್ಸಲ್ ನಟ್ಟನ್ನು ಸಡಿಲಿಸಿ, ಕಾರನ್ನು ಜಾಕಿನಿಂದೆತ್ತಿ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಗಾಲಿಯನ್ನೂ ಕೆಳಗಣ ಬಾಲ್ ಜಾಯಿಂಟನ್ನೂ ಬೇರ್ಪಡಿಸಿ, ಗೇರುಪೆಟ್ಟಿಗೆಯ ಎಣ್ಣೆಯನ್ನು ಇಳಿಸಿದ ತರುವಾಯ ಆಕ್ಸಲನ್ನು ಹೊರತೆಗೆಯಬೇಕು. ಹರಿದ ಬೂಟನ್ನು ಕತ್ತರಿಸಿ ತೆಗೆದು, ಕೀಲನ್ನು ತೊಳೆದು ಒಣಗಿಸಿ, ಗುಂಡುಗಳ ಜಾಡಿನಲ್ಲಿ ಸವೆತವಿಲ್ಲವೆಂದು ಪರೀಕ್ಷಿಸಿ, ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಗ್ರೀಸನ್ನು ತುಂಬಿ, ಹೊಸ ಬೂಟನ್ನು ತಿರುಚದಂತೆ ಕೂರಿಸಿ, ಹೊಸ ಕ್ಲ್ಯಾಂಪುಗಳಿಂದ ಬಿಗಿಯತಕ್ಕದ್ದು. ಜೋಡಿಸುವಾಗ ಹಳೆಯ ನಟ್ಟನ್ನು ಮರಳಿ ಬಳಸಲಾಗದು. ಗೇರೆಣ್ಣೆಯನ್ನು ಮತ್ತೆ ತುಂಬಲು ಮರೆಯಬಾರದು.

ಬಿರಿದ ಬೂಟನ್ನು ಕಂಡೊಡನೆ ಬದಲಿಸಿದರೆ ಕೀಲು ಉಳಿಯುತ್ತದೆ. ಸದ್ದು ಆರಂಭವಾದ ಮೇಲೆ ಕೀಲನ್ನೇ ಬದಲಿಸಬೇಕಾಗುತ್ತದೆ.