ಕೈ ಪಳಗುವ ಮುನ್ನ

ಬೆಂಗಳೂರಿನ ಚಾಮರಾಜಪೇಟೆಯಿಂದ ಹಳೆಯ ಕೋಟೆಯ ಕಡೆಗೆ ನಡೆದುಬಂದರೆ, ಮಾರುಕಟ್ಟೆಯ ಗದ್ದಲಕ್ಕೆ ಅನತಿದೂರದಲ್ಲಿಯೇ ವೈದ್ಯಕೀಯ ಕಾಲೇಜು, ವಾಣಿವಿಲಾಸ, ಮಿಂಟೋ, ವಿಕ್ಟೋರಿಯಾ ಆಸ್ಪತ್ರೆಗಳು ಎದುರಾಗುತ್ತವೆ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದಾಗ, 1897ರಲ್ಲಿ, ಅಡಿಗಲ್ಲು ಕಂಡ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರಿನಲ್ಲಿ ವೈಸರಾಯ್ ಕರ್ಜನ್ ತೆರೆದನು. 1924ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಹೋದ ತರುವಾಯ, ಈ ಊರು ತನ್ನದೇ ಕಾಲೇಜನ್ನು ಕಾಣಲು 1955ರವರೆಗೆ ಕಾಯಬೇಕಾಯಿತು.

ಕಟ್ಟಡಗಳ ಚರಿತ್ರೆಯನ್ನು ಶಿಲಾಫಲಕಗಳೇ ಹೇಳುತ್ತವೆ. ಅವುಗಳೊಳಗೆ ಎಳೆಯ ವೈದ್ಯರ ಕೈ ಯಾರ ಮೈಮೇಲೆ ಪಳಗಿತೆಂಬುದನ್ನು ಮಾತ್ರ ಯಾವ ಫಲಕವೂ ಹೇಳದು. ಹಾಸಿಗೆಯ ಪಕ್ಕದಲ್ಲಿ ನಿಂತು ಗುರುವಿನ ಹಸ್ತಕೌಶಲವನ್ನು ನೋಡುವುದು, ಮರುದಿನ ಅದನ್ನೇ ತಾನು ಮಾಡುವುದು, ಇದೇ ಬಹುಕಾಲ ಲೋಕದ ಬಹುತೇಕ ಆಸ್ಪತ್ರೆಗಳ ಶಿಕ್ಷಣಕ್ರಮವಾಗಿದ್ದಿತು. ಮೊದಲ ಸೂಜಿಯ ನಡುಕ, ಮೊದಲ ಹೊಲಿಗೆಯ ಸೊಟ್ಟು ಬೀಳುತ್ತಿದ್ದುದು ಹಣ ತೆತ್ತು ಹಿರಿಯ ವೈದ್ಯರನ್ನೇ ಬೇಡಬಲ್ಲವರ ಮೇಲಲ್ಲ, ಧರ್ಮಾಸ್ಪತ್ರೆಯ ಸಾಲು ಹಾಸಿಗೆಗಳಲ್ಲಿ ಮೌನವಾಗಿ ಮಲಗಿದ್ದ ಬಡವರ ಮೇಲೆ. ನಾವು ಇಂದು ನಂಬುವ ಅನೇಕ ನುರಿತ ಕೈಗಳ ಹಿಂದೆ ಅವರ ಸಹನೆಯಿದೆ. ಆ ಋಣವನ್ನು ಮರೆಯುವುದು ಕೃತಘ್ನತೆ.

ಆದರೆ ಈ ಸಂಕಟಕ್ಕೆ ಪರಿಹಾರವನ್ನು ನಮ್ಮ ಪೂರ್ವಿಕರು ಯೋಚಿಸದಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ಯೋಗ್ಯಾ ಎಂದರೆ ಅಭ್ಯಾಸ. ಸಕಲ ಶಾಸ್ತ್ರವನ್ನು ಓದಿದ ಶಿಷ್ಯನೂ ಕೈಯಿಂದ ಅಭ್ಯಾಸ ಮಾಡದ ಹೊರತು ಕರ್ಮಕ್ಕೆ ಅರ್ಹನಲ್ಲವೆಂದು ಹೇಳಿ, ಆ ಅಧ್ಯಾಯವು ನಮ್ಮ ಅಡುಗೆಮನೆಗೂ ಹಿತ್ತಲಿಗೂ ಇಳಿದುಬರುತ್ತದೆ. ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು ಕೆಸರು ತುಂಬಿದ ಚರ್ಮದ ಚೀಲದ ಮೇಲೆ. ಸಿರೆಯನ್ನು ಚುಚ್ಚುವುದನ್ನು ನೈದಿಲೆಯ ದಂಟಿನ ಮೇಲೆ. ಹೊಲಿಯುವುದನ್ನು ಬಟ್ಟೆ, ಮೆದುಚರ್ಮಗಳ ಮೇಲೆ. ದೇಹದೊಳಗೆ ಹೊಕ್ಕದ್ದನ್ನು ಹೊರತೆಗೆಯುವ ಅಭ್ಯಾಸಕ್ಕೆ ಹಲಸಿನ ಹಣ್ಣು! ಸುತ್ತಣ ತೊಳೆ ಹರಿಯದಂತೆ ಬೀಜವೊಂದನ್ನೇ ಹಿಡಿದೆಳೆಯುವುದು ಎಷ್ಟು ನಾಜೂಕಿನ ಕೆಲಸವೆಂಬುದನ್ನು, ಅಂಟಿನ ಕೈಯಿಂದ ಹಲಸನ್ನು ಬಿಡಿಸಿದ ನಮ್ಮ ಮನೆಗಳ ಹೆಂಗಸರಿಗೆ ವಿವರಿಸಬೇಕಿಲ್ಲ. ಕಟ್ಟು ಕಟ್ಟುವುದನ್ನು ಕಲಿಯಲು ಮನುಷ್ಯಾಕೃತಿಯ ಬೊಂಬೆಯನ್ನೇ ಮಾಡಿಟ್ಟುಕೊಳ್ಳಬೇಕೆಂಬ ವಿಧಿಯೂ ಅಲ್ಲಿದೆ.

ಆ ಬೊಂಬೆ ಬಹುಕಾಲಾನಂತರ ಬೇರೆ ದಿಕ್ಕಿನಿಂದ ಮರಳಿತು. 1960ರಲ್ಲಿ ನಾರ್ವೆ ದೇಶದ ಆಸ್ಮಂಡ್ ಲೇರ್ಡಾಲ್ ಎಂಬ ಆಟಿಕೆ ತಯಾರಕನು, ನಮ್ಮ ಚನ್ನಪಟ್ಟಣದ ಬೊಂಬೆಗಾರರಿಗೆ ಕಸುಬಿನಿಂದ ಬಂಧುವೆನ್ನಬಹುದಾದವನು, ನಿಂತ ಉಸಿರನ್ನು ಮರಳಿಸುವ ಕ್ರಮವನ್ನು ಕಲಿಸಲು ಒಂದು ಹೆಣ್ಣುಬೊಂಬೆಯನ್ನು ನಿರ್ಮಿಸಿದನು. ಮುಂದೆ ಅದರ ಸಂತತಿ ಲೋಕವನ್ನೆಲ್ಲ ವ್ಯಾಪಿಸಿತು. 2019ರಲ್ಲಿ ಭಾರತದಲ್ಲಿ ಜಾರಿಗೆ ಬಂದ ನೂತನ ಪಠ್ಯಕ್ರಮವು ವೈದ್ಯಕೀಯ ಕಾಲೇಜುಗಳಲ್ಲಿ ಕೌಶಲ ಪ್ರಯೋಗಾಲಯವನ್ನು ಅಗತ್ಯವೆಂದು ವಿಧಿಸಿತು. ಮಲ್ಲೇಶ್ವರದ ಉತ್ತರಕ್ಕಿರುವ ರಾಮಯ್ಯ ಕಾಲೇಜಿನ ಆವರಣದಲ್ಲಿಯೂ ಇಂಥ ತರಬೇತಿಯ ಕೇಂದ್ರವಿದೆ.

ಬೊಂಬೆಗೆ ಭಯವಿಲ್ಲ, ಬಾಗಿಲಾಚೆ ಕಾದು ಕುಳಿತ ಬಂಧುಗಳಿಲ್ಲ. ಆದುದರಿಂದ ಹಾಸಿಗೆಯ ಪಕ್ಕದ ಪಾಠ ಅದರಿಂದ ಮುಗಿಯದು. ಆದರೂ ಮೊದಲ ತಪ್ಪು ನೋವಿಲ್ಲದ ಮೈಮೇಲೆ ಬೀಳುವುದೆಂಬುದೊಂದೇ ನನಗೆ ಸಾಕಷ್ಟು ದೊಡ್ಡ ಪುಣ್ಯವಾಗಿ ತೋರುತ್ತದೆ. ಇಂಥದೊಂದು ಕೋಣೆಯಲ್ಲಿ, ರಬ್ಬರಿನ ತೋಳಿಗೆ ಸೂಜಿ ಚುಚ್ಚಲು ಬಗ್ಗಿದ ಹುಡುಗಿಯೊಬ್ಬಳನ್ನು ಕಂಡೆನು. ಹಿಂದೆ ನಿಂತಿದ್ದ ಅಧ್ಯಾಪಿಕೆ ಅವಳ ಮಣಿಕಟ್ಟನ್ನು ಮೆಲ್ಲನೆ ತಡೆದು, “ಮೊದಲು ಹೇಳಮ್ಮ,” ಎಂದರು. ಹುಡುಗಿ ನೆಟ್ಟಗೆ ನಿಂತಳು, ಬೊಂಬೆಯ ಮುಖವನ್ನು ನೋಡಿದಳು. “ಅಜ್ಜೀ, ಸ್ವಲ್ಪ ಚುರುಕ್ ಅನ್ನುತ್ತೆ, ಕೈ ಅಲ್ಲಾಡಿಸಬೇಡಿ,” ಎಂದಳು. ಆಮೇಲೆ ಸೂಜಿಯನ್ನೆತ್ತಿಕೊಂಡಳು.