ಹೆಸರು ‘ನಟರಾಜ’, ಚಿತ್ರದಲ್ಲಿ ನಟರಾಜನೇ ಇಲ್ಲ: ಬಣ್ಣದ ಪಟ್ಟಿಗಳ ಕಲಾವಿದೆ ಬ್ರಿಜೆಟ್ ರೈಲಿ

ಬ್ರಿಟನ್ನಿನ ಟೇಟ್ ಕಲಾ ಸಂಗ್ರಹದಲ್ಲಿ ಒಂದು ದೊಡ್ಡ ತೈಲವರ್ಣ ಚಿತ್ರ ಇದೆ. ಎತ್ತರ ಸುಮಾರು ಐದೂವರೆ ಅಡಿ, ಅಗಲ ಏಳೂವರೆ ಅಡಿ. ಬರೆದಿದ್ದು 1993ರಲ್ಲಿ. ಹೆಸರು ‘ನಟರಾಜ’. ಹೌದು, ನಮ್ಮ ಕುಣಿಯುವ ಶಿವನದೇ ಹೆಸರು.

ಆದರೆ ಹೆಸರು ಓದಿ ಚಿತ್ರ ನೋಡಿದವರಿಗೆ ಗೊಂದಲ ಆಗುತ್ತೆ. ಅಲ್ಲಿ ಎತ್ತಿದ ಕಾಲಿಲ್ಲ, ಹರಡಿದ ಜಟೆಯಿಲ್ಲ, ಸುತ್ತ ಬೆಂಕಿಯಿಲ್ಲ. ಇರೋದು ಬರೀ ಬಣ್ಣದ ತುಂಡುಗಳು. ಮೇಲಿಂದ ಕೆಳಗೆ ನೇರ ಪಟ್ಟಿಗಳು, ಆ ಪಟ್ಟಿಗಳನ್ನು ಓರೆಯಾಗಿ ಕತ್ತರಿಸಿ ಜೋಡಿಸಿದ ಹಾಗೆ ಹತ್ತಾರು ಬಣ್ಣಗಳು.

“ಇಷ್ಟೇನಾ? ಇದನ್ನ ನಮ್ಮ ಮನೆ ಹುಡುಗನೂ ಬರೀತಾನೆ” ಅಂತ ಅನ್ನಿಸೋದು ಸಹಜ. ಮೊಬೈಲ್‌ನಲ್ಲಿ ಮೊದಲ ಸಲ ಇದರ ಫೋಟೊ ನೋಡಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಈ ಕಲಾವಿದೆಯ ಬಗ್ಗೆ ಓದ್ತಾ ಹೋದಾಗ ಗೊತ್ತಾಗಿದ್ದು, ಈ ಪಟ್ಟಿಗಳ ಹಿಂದೆ ಮೂವತ್ತು ವರ್ಷಕ್ಕೂ ಹೆಚ್ಚಿನ ಕೆಲಸ ಇತ್ತು ಅಂತ.

ಯಾರು ಈ ಬ್ರಿಜೆಟ್ ರೈಲಿ?

1931ರಲ್ಲಿ ಲಂಡನ್‌ನಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದ ಕಾಲ ಕಳೆದಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್ ಅನ್ನೋ ಕಡಲ ತೀರದಲ್ಲಿ. ಅಪ್ಪ ಯುದ್ಧಕ್ಕೆ ಹೋಗಿದ್ದರು. ಸಮುದ್ರದ ಮೇಲೆ ಬೆಳಕು ಬೀಳೋದು, ನೀರಿನ ಬಣ್ಣ ಬದಲಾಗೋದು, ಇದನ್ನೆಲ್ಲ ನೋಡೋ ಅಭ್ಯಾಸ ಆಗಿದ್ದು ಅಲ್ಲೇ.

ಮುಂದೆ ಲಂಡನ್‌ನ ಗೋಲ್ಡ್‌ಸ್ಮಿತ್ಸ್ ಕಾಲೇಜು, ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತರು. ಓದು ಮುಗಿದ ತಕ್ಷಣ ದಾರಿ ಸಿಗಲಿಲ್ಲ. ಅಪಘಾತವಾದ ಅಪ್ಪನ ಆರೈಕೆ ಮಾಡಬೇಕಾಯ್ತು, ತಮ್ಮ ಆರೋಗ್ಯವೂ ಕೆಟ್ಟಿತು. ಹೊಟ್ಟೆಪಾಡಿಗೆ ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆದರು, ಪಾಠ ಹೇಳಿದರು.

1959ರಲ್ಲಿ ಅವರು ಒಂದು ಕೆಲಸ ಮಾಡಿದರು. ಜಾರ್ಜ್ ಸ್ಯೂರಾ ಅನ್ನೋ ಫ್ರೆಂಚ್ ಚಿತ್ರಗಾರನ ಒಂದು ಸೇತುವೆಯ ಚಿತ್ರವನ್ನು ಪುಸ್ತಕದಲ್ಲಿ ನೋಡಿ, ಅದನ್ನೇ ನಕಲು ಮಾಡುತ್ತಾ ಕೂತರು. ಸ್ಯೂರಾ ಬಣ್ಣವನ್ನು ಕಲಸುತ್ತಿರಲಿಲ್ಲ, ಸಣ್ಣ ಸಣ್ಣ ಚುಕ್ಕಿಯಾಗಿ ಪಕ್ಕಪಕ್ಕ ಇಡುತ್ತಿದ್ದ. ಯಾಕೆ ಹಾಗೆ ಇಡುತ್ತಿದ್ದ ಅನ್ನೋದಕ್ಕೆ ಇನ್ನೂ ಹಿಂದಿನ ಒಂದು ಕಥೆ ಇದೆ. ಬಟ್ಟೆ ವ್ಯಾಪಾರ ಮಾಡೋರು ಇದನ್ನು ಓದಲೇಬೇಕು.

ದೂರು ಬಣ್ಣದ ಮೇಲೆ, ಕಾರಣ ಪಕ್ಕದಲ್ಲಿ

ಪ್ಯಾರಿಸ್‌ನಲ್ಲಿ ಗೋಬಲಿನ್ ಅನ್ನೋ ಪ್ರಸಿದ್ಧ ನೇಯ್ಗೆ ಕಾರ್ಖಾನೆ ಇದೆ. 1824ರಲ್ಲಿ ಅಲ್ಲಿನ ಬಣ್ಣದ ವಿಭಾಗಕ್ಕೆ ಶೆವ್ರಲ್ ಅನ್ನೋ ರಸಾಯನಶಾಸ್ತ್ರಜ್ಞ ಮುಖ್ಯಸ್ಥನಾಗಿ ಬಂದ. ಆತನ ಮುಂದೆ ಬಂದ ದೂರುಗಳಲ್ಲಿ ಒಂದು: ಕಪ್ಪು ದಾರಕ್ಕೆ ಬಣ್ಣ ಸರಿಯಾಗಿ ಹತ್ತಿಲ್ಲ, ಮಂಕಾಗಿ ಕಾಣುತ್ತೆ.

ಆತ ದಾರ ಪರೀಕ್ಷೆ ಮಾಡಿದ. ಬಣ್ಣದಲ್ಲಿ ತಪ್ಪೇ ಇರಲಿಲ್ಲ! ಆ ಕಪ್ಪನ್ನು ನೀಲಿ, ನೇರಳೆ ದಾರಗಳ ಪಕ್ಕ ನೇಯ್ದಿದ್ದರು. ಪಕ್ಕದ ಬಣ್ಣದಿಂದಾಗಿ ಕಪ್ಪು ಕಳೆಗುಂದಿತ್ತು. ಅಂದರೆ ಒಂದು ಬಣ್ಣ ಹೇಗೆ ಕಾಣುತ್ತೆ ಅನ್ನೋದು ಅದರ ಪಕ್ಕ ಯಾವ ಬಣ್ಣ ಇದೆ ಅನ್ನೋದರ ಮೇಲೂ ನಿಂತಿದೆ. 1839ರಲ್ಲಿ ಆತ ಇದರ ಬಗ್ಗೆ ಪುಸ್ತಕವನ್ನೇ ಬರೆದ. ಸ್ಯೂರಾ ಕಲಿತಿದ್ದು ಆ ವಿಚಾರದಿಂದ. ರೈಲಿ ಕಲಿತಿದ್ದು ಸ್ಯೂರಾನಿಂದ.

ಅಂಗಡಿಯಲ್ಲಿ ಒಪ್ಪಿಗೆಯಾದ ಬ್ಲೌಸ್ ಪೀಸು ಮನೆಗೆ ಹೋಗಿ ಸೀರೆ ಮೇಲೆ ಇಟ್ಟಾಗ ಬೇರೆ ಬಣ್ಣ ಅನ್ನಿಸೋದು ಬಟ್ಟೆ ಅಂಗಡಿಯವರಿಗೆ ದಿನಾ ಕೇಳೋ ಮಾತು. ಬಲ್ಬಿನ ಬೆಳಕು, ಬಿಸಿಲಿನ ಬೆಳಕು ಒಂದು ಕಾರಣ. ಪಕ್ಕದ ಬಣ್ಣ ಇನ್ನೊಂದು ಕಾರಣ.

ಬೇಕಾದರೆ ಮನೆಯಲ್ಲೇ ಮಾಡಿ ನೋಡಿ. ಒಂದೇ ಬೂದು ಕಾಗದದಿಂದ ಎರಡು ತುಂಡು ಕತ್ತರಿಸಿ. ಒಂದನ್ನು ಬಿಳಿ ಹಾಳೆ ಮೇಲೆ, ಇನ್ನೊಂದನ್ನು ಕಪ್ಪು ಹಾಳೆ ಮೇಲೆ ಇಡಿ. ಬಿಳಿ ಮೇಲಿನದು ಗಾಢವಾಗಿ, ಕಪ್ಪು ಮೇಲಿನದು ತಿಳಿಯಾಗಿ ಕಾಣುತ್ತೆ.

ಶುರು ಆಗಿದ್ದು ಕಪ್ಪು ಬಿಳುಪಿನಿಂದ

ಆಶ್ಚರ್ಯ ಅಂದರೆ, ಬಣ್ಣಕ್ಕೆ ಹೆಸರಾದ ರೈಲಿ ಮೊದಲು ಬಣ್ಣವನ್ನೇ ಬಿಟ್ಟರು. 1961ರ ‘ಮೂವ್‌ಮೆಂಟ್ ಇನ್ ಸ್ಕ್ವೇರ್ಸ್’ ನೋಡಿ. ಚದುರಂಗದ ಹಾಸಿನಂತೆ ಕಪ್ಪು ಬಿಳಿ ಚೌಕಗಳು. ಚೌಕಗಳ ಎತ್ತರ ಬದಲಾಗಲ್ಲ, ಅಗಲ ಮಾತ್ರ ಹೋಗ್ತಾ ಹೋಗ್ತಾ ಕಮ್ಮಿ ಆಗುತ್ತೆ, ಒಂದು ಕಡೆ ಗೆರೆಯಷ್ಟು ಸಣ್ಣಗಾಗಿ ಮತ್ತೆ ಅಗಲ ಆಗುತ್ತೆ. ಅಷ್ಟೇ. ಆದರೆ ನೋಡೋರ ಕಣ್ಣಿಗೆ ಇಡೀ ಹಲಗೆ ಮಡಚಿಕೊಂಡು ಒಳಗೆ ಬೀಳ್ತಿರೋ ಹಾಗೆ ಕಾಣುತ್ತೆ. ಇಂಥ ಚಿತ್ರಗಳಿಗೆ ಆಪ್ ಆರ್ಟ್ ಅಂತ ಹೆಸರು ಬಿತ್ತು.

ಚಿತ್ರ ಗೋಡೆ ಮೇಲೆ, ಡಿಸೈನು ಅಂಗಡಿಯಲ್ಲಿ

1965ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ‘ದಿ ರೆಸ್ಪಾನ್ಸಿವ್ ಐ’ ಅನ್ನೋ ದೊಡ್ಡ ಪ್ರದರ್ಶನ ನಡೆಯಿತು. ಅದರ ಪುಸ್ತಕದ ಮುಖಪುಟಕ್ಕೆ ಬಂದಿದ್ದು ರೈಲಿ ಅವರ ‘ಕರೆಂಟ್’ ಚಿತ್ರ. ಯಾವ ಕಲಾವಿದರಾದರೂ ಹಿಗ್ಗುವ ದಿನ ಅದು.

ಆದರೆ ನ್ಯೂಯಾರ್ಕಿಗೆ ಬಂದಿಳಿದ ರೈಲಿಗೆ ಕಂಡಿದ್ದು ಬೇರೆಯೇ. ಬಟ್ಟೆ ಅಂಗಡಿಗಳ ಗಾಜಿನ ಕಿಟಕಿಯಲ್ಲಿ ಅವರದೇ ಚಿತ್ರಗಳ ಮಾದರಿಯ ಉಡುಪುಗಳು ನೇತಾಡುತ್ತಿದ್ದವು. ಅವರ ಒಂದು ಚಿತ್ರವನ್ನು ಕೊಂಡಿದ್ದ ಸಂಗ್ರಾಹಕರೇ ಉಡುಪಿನ ಉದ್ಯಮಿಯೂ ಆಗಿದ್ದರು. ಆ ವಿನ್ಯಾಸದ ಬಟ್ಟೆ ಮಾಡಿಸಿ, ಉಡುಪು ಹೊಲಿಸಿದ್ದರು. ರೈಲಿಯನ್ನು ಒಂದು ಮಾತು ಕೇಳಿರಲಿಲ್ಲ. ರೈಲಿ ಕಾನೂನಿನ ಮೊರೆ ಹೋಗಲು ನೋಡಿದರು, ಉಪಯೋಗ ಆಗಲಿಲ್ಲ.

ಇದರಲ್ಲಿ ದುಡ್ಡಿನ ನಷ್ಟಕ್ಕಿಂತ ದೊಡ್ಡ ನಷ್ಟ ಇನ್ನೊಂದಿತ್ತು. ಬಟ್ಟೆಯ ಮೇಲೆ ಬಂದಿದ್ದು ಡಿಸೈನು ಮಾತ್ರ. ಆ ಅಳತೆ, ನಿಂತು ನೋಡೋ ದೂರ, ಒಂದು ಗೆರೆಗೂ ಇನ್ನೊಂದಕ್ಕೂ ಇದ್ದ ಲೆಕ್ಕ ಬರಲಿಲ್ಲ. ಆದರೂ ಜನರ ಬಾಯಲ್ಲಿ “ಓ, ಆ ಫ್ಯಾಶನ್ನಾ” ಅಂತ ಆಗಿಹೋಯ್ತು. ಫ್ಯಾಶನ್ ಹಳೇದಾದ ಮೇಲೆ ಚಿತ್ರವೂ ಹಳೇದು! ತಮ್ಮ ಕೆಲಸವನ್ನು ಜನ ಮತ್ತೆ ಗಂಭೀರವಾಗಿ ನೋಡೋಕೆ ಎಷ್ಟೋ ವರ್ಷ ಬೇಕಾಗುತ್ತೆ ಅಂತ ಅವರು ನೊಂದಿದ್ದರು.

ಹಾಗಂತ ಕೈಕಟ್ಟಿ ಕೂರಲಿಲ್ಲ. 1967ರ ಹೊತ್ತಿಗೆ ಪಟ್ಟಿಗಳಿಗೆ ಪೂರ್ತಿ ಬಣ್ಣ ತಂದರು. 1968ರಲ್ಲಿ ಇಟಲಿಯ ವೆನಿಸ್ ಬಿನಾಲೆಯಲ್ಲಿ ಚಿತ್ರಕಲೆಯ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ.

ಪಟ್ಟಿಯೇ ಯಾಕೆ?

ಇದಕ್ಕೆ ಸರಳ ಉತ್ತರ ಇದೆ. ಎರಡು ಬಣ್ಣ ಒಂದರ ಮೇಲೊಂದು ಪ್ರಭಾವ ಬೀರೋದು ಅವು ಮುಟ್ಟೋ ಅಂಚಿನಲ್ಲಿ. ಉದ್ದ ಪಟ್ಟಿಗೆ ಅಂಚು ಜಾಸ್ತಿ. ಅಲ್ಲದೆ ಪಟ್ಟಿಯಲ್ಲಿ ನೋಡೋಕೆ ಬೇರೇನೂ ಇಲ್ಲ, ಹಾಗಾಗಿ ಕಣ್ಣು ಬಣ್ಣದ ಮೇಲೇ ನಿಲ್ಲುತ್ತೆ.

1979-80ರ ಚಳಿಗಾಲದಲ್ಲಿ ರೈಲಿ ಈಜಿಪ್ಟಿಗೆ ಹೋದರು. ಅಲ್ಲಿನ ಪ್ರಾಚೀನ ಸಮಾಧಿಗಳ ಗೋಡೆಚಿತ್ರ ನೋಡಿದರು. ಕೆಲವೇ ಕೆಲವು ಬಣ್ಣಗಳನ್ನು ಇಟ್ಟುಕೊಂಡು ಸಾವಿರಾರು ವರ್ಷ ಕೆಲಸ ಮಾಡಿದ್ದ ಜನ ಅವರು. ಮನೆಗೆ ಬಂದು ಆ ಬಣ್ಣಗಳನ್ನು ನೆನಪಿನಿಂದಲೇ ಕಲಸಿ, ವರ್ಷಗಟ್ಟಲೆ ಆ ಬಣ್ಣಗಳಲ್ಲೇ ನೇರ ಪಟ್ಟಿಗಳನ್ನು ಬರೆದರು.

ಕೆಲಸ ನಡೆಯೋ ರೀತಿಯೂ ತಾಳ್ಮೆಯದ್ದು. ಮೊದಲು ಕಾಗದದ ಮೇಲೆ ಸಣ್ಣ ಪ್ರಯೋಗಗಳು. ಬಣ್ಣ ಹಚ್ಚಿದ ಕಾಗದದ ತುಂಡುಗಳನ್ನು ಕತ್ತರಿಸಿ ಜಾಗ ಬದಲಾಯಿಸಿ ನೋಡೋದು. ಸರಿ ಅನ್ನಿಸಿದ ಮೇಲೆ ಪೂರ್ತಿ ಅಳತೆಯ ಕಾಗದದಲ್ಲಿ ಒಮ್ಮೆ. ಕೊನೆಗೆ ಕ್ಯಾನ್ವಾಸ್ ಮೇಲೆ ಸಹಾಯಕರು ಕುಂಚದಲ್ಲೇ ತುಂಬುತ್ತಾರೆ. 1960ರ ದಶಕದಿಂದ ಇದೇ ಪದ್ಧತಿ. ಬಣ್ಣ ಯಾವುದು, ಎಲ್ಲಿ, ಎಷ್ಟು ಅನ್ನೋ ತೀರ್ಮಾನ ಮಾತ್ರ ರೈಲಿಯದ್ದೇ.

ಆಸ್ಪತ್ರೆ ಗೋಡೆಗೂ ಬಂತು

ಈ ಬಣ್ಣಗಳು ಮ್ಯೂಸಿಯಂನಲ್ಲೇ ಉಳಿಯಲಿಲ್ಲ. 1983ರಲ್ಲಿ ಇಂಗ್ಲೆಂಡಿನ ರಾಯಲ್ ಲಿವರ್‌ಪೂಲ್ ಆಸ್ಪತ್ರೆಯ ಉದ್ದನೆಯ ಮೊಗಸಾಲೆಗಳಿಗೆ ರೈಲಿ ಅಡ್ಡ ಪಟ್ಟಿಗಳ ವಿನ್ಯಾಸ ಮಾಡಿಕೊಟ್ಟರು. ಆಮೇಲೆ ಲಂಡನ್‌ನ ಸೇಂಟ್ ಮೇರೀಸ್ ಆಸ್ಪತ್ರೆಗೂ ಮಾಡಿದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಗಂಟೆಗಟ್ಟಲೆ ಕಾದು ಕೂತವರಿಗೆ ಖಾಲಿ ಗೋಡೆ ಎಷ್ಟು ಭಾರ ಅಂತ ಗೊತ್ತಿರುತ್ತೆ. ಅಲ್ಲಿ ನಡೆಯೋರ ಜೊತೆಗೇ ಬಣ್ಣವೂ ನಡೆಯುತ್ತೆ.

ಹಾಗಾದರೆ ನಟರಾಜ ಎಲ್ಲಿ?

ಈಗ ಮತ್ತೆ 1993ರ ಚಿತ್ರದ ಮುಂದೆ ಬನ್ನಿ. ಒಂದು ಹಸಿರು ತುಂಡನ್ನು ಹಿಡಿದುಕೊಂಡು ನೋಡಿ. ಕೆಂಪಿನ ಪಕ್ಕ ಇದ್ದರೆ ಅದು ಉರಿಯುತ್ತೆ, ನೀಲಿಯ ಪಕ್ಕ ಇದ್ದರೆ ತಣ್ಣಗಾಗುತ್ತೆ. ಅಷ್ಟರಲ್ಲಿ ಕಣ್ಣು ಓರೆ ಗೆರೆ ಹಿಡಿದು ಮೇಲೆ ಹೋಗಿರುತ್ತೆ. ಅಲ್ಲಿಂದ ನೇರ ಪಟ್ಟಿ ಹಿಡಿದು ಕೆಳಗೆ. ಒಂದು ಕಡೆ ನಿಲ್ಲಲ್ಲ. ಕ್ಯಾನ್ವಾಸ್ ಮೇಲೆ ಯಾವುದೂ ಅಲುಗಾಡಿಲ್ಲ, ಆದರೂ ಎಲ್ಲ ಅಲುಗಾಡುತ್ತಿದೆ. ನಟರಾಜನ ಆಕಾರ ಇಲ್ಲ, ಕುಣಿತ ಮಾತ್ರ ಇದೆ. ಹೆಸರು ಸರಿಯಾಗೇ ಇದೆ ಅಂತ ನನಗೆ ಅನ್ನಿಸಿದ್ದು ಆಗ.

ಇದು ಮೊಬೈಲ್ ಪರದೆಯಲ್ಲಿ ಪೂರ್ತಿ ಸಿಗಲ್ಲ. ಆದರೆ ನೋಡೋ ಅಭ್ಯಾಸಕ್ಕೆ ಲಂಡನ್‌ಗೇ ಹೋಗಬೇಕಿಲ್ಲ. ನಾಳೆ ಅಂಗಡಿ ಬಾಗಿಲು ತೆಗೆದಾಗ ಕಪಾಟಿನಲ್ಲಿ ಜೋಡಿಸಿದ ಬಟ್ಟೆಯ ಥಾನುಗಳ ಮುಂದೆ ಎರಡು ನಿಮಿಷ ನಿಲ್ಲಿ. ಎರಡು ಥಾನಿನ ಜಾಗ ಅದಲುಬದಲು ಮಾಡಿ ನೋಡಿ. ಮೂರನೆಯದು ಏನಾಯ್ತು ಅಂತ ನೋಡಿ.

ಒಂದೇ ನೋಟದಲ್ಲಿ

- 1931: ಲಂಡನ್‌ನಲ್ಲಿ ಜನನ
- 1961: ‘ಮೂವ್‌ಮೆಂಟ್ ಇನ್ ಸ್ಕ್ವೇರ್ಸ್’
- 1965: ನ್ಯೂಯಾರ್ಕ್ ಪ್ರದರ್ಶನ, ಉಡುಪಿನ ವಿವಾದ
- 1968: ವೆನಿಸ್ ಪ್ರಶಸ್ತಿ
- 1983: ಲಿವರ್‌ಪೂಲ್ ಆಸ್ಪತ್ರೆಯ ಗೋಡೆ
- 1993: ‘ನಟರಾಜ’
- 2019: ಲಂಡನ್‌ನ ನ್ಯಾಷನಲ್ ಗ್ಯಾಲರಿ ಗೋಡೆಯ ಮೇಲೆ ‘ಮೆಸೆಂಜರ್ಸ್’
- 2023: ರೋಮ್ ನಗರದ ಬ್ರಿಟಿಷ್ ಸ್ಕೂಲ್‌ನಲ್ಲಿ ಮೊದಲ ಸಲ ಚಾವಣಿಗೆ ಚಿತ್ರ, ತೊಂಬತ್ತು ದಾಟಿದ ಮೇಲೆ