ಮನೆಯೊಳಗೊಂದು ನಿಲಯ

ಪಾಡ್‌ಕಾಸ್ಟ್ ಎಂಬ ಪದಕ್ಕೆ ಇನ್ನೂ ಹೆಚ್ಚು ವಯಸ್ಸಾಗಿಲ್ಲ. 2004ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಲೇಖನವೊಂದರಲ್ಲಿ ಬೆನ್ ಹ್ಯಾಮರ್ಸ್ಲಿ ಎಂಬ ಪತ್ರಕರ್ತ ಅದನ್ನು ಬಳಸಿದ. ಅಲ್ಲಿಂದ ಅದು ಜಗತ್ತಿಗೆಲ್ಲ ಅಂಟಿಕೊಂಡಿತು. ಆದರೆ ಆ ಪದ ಹೇಳುವ ಕೆಲಸ ಹಳೆಯದು. ಒಬ್ಬ ಮನುಷ್ಯ ತನ್ನ ಮನೆಯಲ್ಲಿ, ತನ್ನ ಕೈಯಿಂದ ದುಡ್ಡು ಹಾಕಿ, ಒಂದು ಮೈಕ್ ಇಟ್ಟುಕೊಂಡು, ಊರು ಕೇಳಬೇಕು ಎನಿಸಿದ್ದನ್ನು ಊರಿಗೆ ಕೇಳಿಸುವುದು ಮೈಸೂರಿನಲ್ಲಿ 1935ರ ಸೆಪ್ಟೆಂಬರ್ 10ರಂದೇ ಶುರುವಾಗಿತ್ತು.

ಆ ಮನುಷ್ಯ ಡಾ. ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಓದಿ ಬಂದು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದವರು, ನಾಟಕದ ಹುಚ್ಚಿದ್ದವರು. ಅವರ ಮನೆ 'ವಿಠ್ಠಲ ವಿಹಾರ'ವೇ ಬಾನುಲಿ ನಿಲಯ. ಪ್ರೇಷಕದ ಶಕ್ತಿ ಮೊದಲಿಗೆ 30 ವ್ಯಾಟ್. ಅಂದರೆ ಆಗಿನ ಮನೆಗಳಲ್ಲಿ ಉರಿಯುತ್ತಿದ್ದ ಬುರುಡೆ ದೀಪಕ್ಕೆ ಬೇಕಾಗುವಷ್ಟು. ಆಮೇಲೆ 250 ವ್ಯಾಟಿನದು ಬಂತು. ಕಾಲ ಯಾವುದೆಂಬುದನ್ನೂ ಗಮನಿಸಬೇಕು. ಮುಂಬಯಿಯಲ್ಲಿ 1927ರಲ್ಲಿ ಹುಟ್ಟಿದ ಖಾಸಗಿ ರೇಡಿಯೋ ಕಂಪನಿ ಮೂರೇ ವರ್ಷಕ್ಕೆ ನೆಲ ಕಚ್ಚಿತ್ತು, ಸರ್ಕಾರ ಅದನ್ನು ಎತ್ತಿಕೊಂಡಿತ್ತು. 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂದದ್ದು 1936ರ ಜೂನಿನಲ್ಲಿ. ಕಂಪನಿಗೆ ಆಗದ ಕೆಲಸವನ್ನು ಒಬ್ಬ ಮೇಷ್ಟರು ಮನೆಯಲ್ಲಿ ಕೂತು ಮಾಡತೊಡಗಿದ್ದು ಅದಕ್ಕೂ ಒಂಬತ್ತು ತಿಂಗಳು ಮೊದಲು. 'ಆಕಾಶವಾಣಿ' ಎಂಬ ಹೆಸರನ್ನು ಈ ಮನೆನಿಲಯವೇ ಮೊದಲು ಹೊತ್ತದ್ದು. ಸೂಚಿಸಿದವರು ನಾ. ಕಸ್ತೂರಿ ಎಂದು ಹಲವರು ಹೇಳುತ್ತಾರೆ. ಇಡೀ ದೇಶದ ರೇಡಿಯೋ ಅದೇ ಹೆಸರನ್ನು ತನ್ನದಾಗಿಸಿಕೊಂಡಿದ್ದು ಎರಡು ದಶಕಗಳ ನಂತರ.

ಮುಂದಿನದು ಅಷ್ಟಾಗಿ ಯಾರೂ ಹೇಳದ ಭಾಗ. ಕೈದುಡ್ಡು ಎಷ್ಟು ದಿನ ಬರುತ್ತದೆ? 1942ರಲ್ಲಿ ಗೋಪಾಲಸ್ವಾಮಿಯವರು ನಿಲಯವನ್ನು ಮೈಸೂರು ಸಂಸ್ಥಾನಕ್ಕೆ ಒಪ್ಪಿಸಿದರು. 1950ರಲ್ಲಿ ಸಂಸ್ಥಾನದ ಕೈಯಿಂದ ಅದು ಕೇಂದ್ರ ಸರ್ಕಾರದ ಕೈಗೆ ಹೋಯಿತು. 1955ರಲ್ಲಿ ಬೆಂಗಳೂರಿಗೆ ಎತ್ತಂಗಡಿಯಾಯಿತು. ದೇಶಕ್ಕೆ ಹೆಸರು ಕೊಟ್ಟ ಊರಿನಲ್ಲಿ ಮುಂದಿನ ಹತ್ತೊಂಬತ್ತು ವರ್ಷ ರೇಡಿಯೋ ನಿಲಯವೇ ಇರಲಿಲ್ಲ. 1974ರಲ್ಲಿ ಮತ್ತೆ ಬಂತು. ಸರ್ಕಾರ ತೆಗೆದುಕೊಳ್ಳದಿದ್ದರೆ ನಿಲಯ ಸತ್ತೇ ಹೋಗುತ್ತಿತ್ತು, ತೆಗೆದುಕೊಂಡಿದ್ದರಿಂದ ಊರು ಬಿಟ್ಟಿತು. ಸ್ವತಂತ್ರವಾಗಿ ಹುಟ್ಟಿದ ನಮ್ಮ ದನಿಗಳಿಗೆಲ್ಲ ಈ ಇಕ್ಕಟ್ಟು ತಪ್ಪಿದ್ದೇ ಇಲ್ಲ. ಸಿನಿಮಾದ ಹಂಗಿಲ್ಲದ ಕನ್ನಡ ಹಾಡಿನ ಕಥೆಯನ್ನು ಇದೇ ಕಣ್ಣಿನಿಂದ ನೋಡಬೇಕು ಅನ್ನುವುದು ನನ್ನ ವಾದ.

'ಇಂಡಿಪೆಂಡೆಂಟ್ ಮ್ಯೂಸಿಕ್' ಎಂದರೆ ಗಿಟಾರು, ಗಡ್ಡ, ಬೆಂಗಳೂರಿನ ಪಬ್ಬು ಎಂದುಕೊಳ್ಳುವವರಿದ್ದಾರೆ. ಕನ್ನಡದಲ್ಲಿ ಅದರ ಹಳೆಯ ಹೆಸರು ಭಾವಗೀತೆ, ಸುಗಮ ಸಂಗೀತ. ಉಡುಪಿ ಸೀಮೆಯ ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು ಪುಸ್ತಕದಲ್ಲಿ ಮಲಗಿದ್ದ ಕವಿತೆಗಳನ್ನು ಎಬ್ಬಿಸಿ ವೇದಿಕೆಗೆ ತಂದರು. ಮೋಹನಕುಮಾರಿ, ಸೋಹನಕುಮಾರಿ ಸೋದರಿಯರು ಜೊತೆಗೆ ಹಾಡುತ್ತಿದ್ದರು. ಸಿನಿಮಾದಲ್ಲೂ ರಾಯರು ದುಡಿದವರೇ, ಆದರೆ ಜನ ಅವರನ್ನು ನೆನಪಿಟ್ಟದ್ದು ಕವಿತೆಗಾಗಿ. ಕಥೆಯಿಲ್ಲ, ನಾಯಕಿಯಿಲ್ಲ, ಪೋಸ್ಟರಿಲ್ಲ. ಬರೀ ಒಂದು ಪದ್ಯ, ಒಂದು ಗಂಟಲು. ಅದನ್ನು ಕೇಳಲು ಜನ ನೆರೆಯುತ್ತಿದ್ದರು ಎಂಬುದೇ ಇಂದಿಗೆ ಸೋಜಿಗ.

ಜನ ನೆರೆಯುತ್ತಿದ್ದುದು ಯಾವಾಗ ಎಂಬುದೂ ಮುಖ್ಯ. ನಮ್ಮಲ್ಲಿ ಕೇಳುವುದು ಮೊದಲಿನಿಂದಲೂ ಹಬ್ಬಕ್ಕೆ ಗಂಟುಬಿದ್ದದ್ದು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿರಾಯರು 1939ರಲ್ಲಿ ಆರಂಭಿಸಿದ ರಾಮೋತ್ಸವದ ಕಛೇರಿಗಳು ಇಂದಿಗೂ ನಡೆಯುತ್ತವೆ. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರಕ್ಕೂ ರಾಮನವಮಿಯ ಪಾನಕ ಕೋಸಂಬರಿಗೂ ಇರುವ ನಂಟನ್ನು ಆ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮೈಸೂರಿಗೆ ದಸರಾ, ಗಲ್ಲಿಗಲ್ಲಿಗೆ ಗಣಪತಿ, ನವೆಂಬರ್ ಪೂರ್ತಿ ರಾಜ್ಯೋತ್ಸವ. ರಜೆ ಇದ್ದಲ್ಲಿ ಮೈಕು, ಮೈಕು ಇದ್ದಲ್ಲಿ ಹಾಡು.

ಮೈಕಿನವನ ಕೈಗೆ ಕ್ಯಾಸೆಟ್ ಸಿಕ್ಕಿದ ಮೇಲೆ ಕಥೆ ಬೇರೆಯಾಯಿತು. ಗ್ರಾಮಫೋನ್ ತಟ್ಟೆ ಒತ್ತಲು ಕಾರ್ಖಾನೆ ಬೇಕು, ಆ ಕಾರ್ಖಾನೆ ಒಂದೆರಡು ಕಂಪನಿಗಳ ಕೈಯಲ್ಲಿತ್ತು. ಕ್ಯಾಸೆಟ್ ಹಾಗಲ್ಲ, ಸಣ್ಣ ಬಂಡವಾಳದವನೂ ನೂರು, ಸಾವಿರ ಪ್ರತಿ ತೆಗೆಯಬಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ಹಾಕಿದ 'ನಿತ್ಯೋತ್ಸವ' ಬಂತು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಅದಕ್ಕೆ ಹೆಸರು. ಅದರ ಹಿಂದೆ ಸಿ. ಅಶ್ವತ್ಥ್ ಬಂದರು, ಕೆ.ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆ ಬಂತು, ಶಿಶುನಾಳ ಶರೀಫರು ಬಂದರು. 1942ರಲ್ಲಿ ಅಚ್ಚಾದ ಸಂಕಲನವೊಂದು ನಾಲ್ಕು ದಶಕ ಕಳೆದು ಅಡುಗೆಮನೆಗೆ, ಎಸ್‌ಟಿಡಿ ಬೂತಿಗೆ, ಹಾಸ್ಟೆಲ್ ರೂಮಿಗೆ ಹೊಕ್ಕಿದ್ದು ಹೀಗೆ. ಕವಿತೆ ಓದದವರಿಗೂ ಕವಿತೆ ಬಾಯಿಗೆ ಬಂತು. 'ಭಾವಗೀತೆ ಕವಿತೆಯನ್ನು ಕೆಡಿಸಿತು' ಎಂದು ಮೂಗು ಮುರಿದ ವಿಮರ್ಶಕರೂ ಇದ್ದರು. ರಾಗದ ಜೋಗುಳದಲ್ಲಿ ಪದ್ಯದ ಮುಳ್ಳು ಸವೆಯುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೂ ಹಾಡಿನ ಬೆನ್ನೇರಿ ಪುಸ್ತಕದವರೆಗೆ ಹೋದವರ ಸಂಖ್ಯೆಯೂ ಸಣ್ಣದಲ್ಲ ಎಂದೇ ನನ್ನ ನಂಬಿಕೆ. 2005ರ ಏಪ್ರಿಲ್ 23ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರ 'ಕನ್ನಡವೇ ಸತ್ಯ' ನಡೆದಾಗ ಸೇರಿದ ಜನಸಾಗರ ಆ ಕ್ಯಾಸೆಟ್ಟುಗಳ ಫಸಲು.

ಅಷ್ಟು ಹೊತ್ತಿಗೆ ರೇಡಿಯೋ ಬೇರೆ ದಾರಿ ಹಿಡಿದಿತ್ತು. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ಶುರುವಾದದ್ದು ಬೆಂಗಳೂರಿನಲ್ಲೇ. ಲೈಸೆನ್ಸಿಗೆ ಕೋಟಿಗಟ್ಟಲೆ ಸುರಿದವರಿಗೆ ಸುದ್ದಿ ಓದಲು ಅನುಮತಿಯಿಲ್ಲ, ಉಳಿದದ್ದು ಹಾಡು. ಹಾಡಿನಲ್ಲಿ ಹೊಸ ಸಿನಿಮಾದ್ದೇ ಸುಲಭದ ಸರಕು. ಮೊದಲು ಹಿಂದಿಗೆ ಜೋತುಬಿದ್ದಿದ್ದ ನಿಲಯಗಳು ಬರಬರುತ್ತ ಕನ್ನಡಕ್ಕೆ ಹೊರಳಿದವು, ಅದು ಸಂತೋಷದ ಮಾತೇ. ಆದರೆ ಹೊರಳಿದ್ದು ಸಿನಿಮಾ ಕನ್ನಡಕ್ಕೆ. ಸಿನಿಮಾದ ಹೊರಗೆ ಹಾಡುವವನಿಗೆ ಆಕಾಶವಾಣಿಯ ಸುಗಮ ಸಂಗೀತದ ಹೊತ್ತು ಬಿಟ್ಟರೆ ಬೇರೆ ಬಾಗಿಲು ಇರಲಿಲ್ಲ.

ಆ ಬಾಗಿಲು ತೆರೆದದ್ದು ಮುಂಬಯಿಯಲ್ಲಿ ಎಂಬುದು ನಮ್ಮಂಥ ಹೊರನಾಡಿನವರಿಗೆ ರುಚಿಸುವ ಸಂಗತಿ. ಮೈಸೂರಿನಲ್ಲಿ ಬೆಳೆದು ಬೆಂಗಳೂರಿನಲ್ಲಿ ತಂಡ ಕಟ್ಟಿದ ರಘು ದೀಕ್ಷಿತರ ಮೊದಲ ಆಲ್ಬಂ ಅನ್ನು 2008ರಲ್ಲಿ ಹೊರತಂದವರು ಹಿಂದಿ ಚಿತ್ರಸಂಗೀತದ ವಿಶಾಲ್-ಶೇಖರ್ ಜೋಡಿ. ಹಿಂದಿ ಹಾಡುಗಳ ನಡುವೆ ಅದರಲ್ಲಿ ಶರೀಫರ ತತ್ವಪದ ಕೂತಿತ್ತು. ಕನ್ನಡ ಬಾರದ ಹುಡುಗರು ಗುಡುಗುಡಿಯ ಹೊಗೆಯನ್ನು ಗುನುಗುತ್ತಿದ್ದುದನ್ನು ಪುಣೆಯ ಕಾಲೇಜು ಮೇಳಗಳಲ್ಲಿ ಕೇಳಿದವರಿಗೆ ಆ ಪುಳಕ ಗೊತ್ತು. ಅದೇ ಸುಮಾರಿಗೆ ಬೆಂಗಳೂರಿನ ಸ್ವರಾತ್ಮ ತಂಡವೂ ಹಿಂದಿ, ಕನ್ನಡ ಎರಡರಲ್ಲೂ ಹಾಡುತ್ತಿತ್ತು. 2013ರಲ್ಲಿ ಪವನ್ ಕುಮಾರ್ ನೂರಕ್ಕೂ ಹೆಚ್ಚು ಪ್ರೇಕ್ಷಕರ ದುಡ್ಡಿನಿಂದ 'ಲೂಸಿಯಾ' ತೆಗೆದಾಗ ಪೂರ್ಣಚಂದ್ರ ತೇಜಸ್ವಿಯವರ ಹಾಡುಗಳು ಗೆದ್ದವು. ಅದು ಸಿನಿಮಾವೇ; ಆದರೆ ದುಡ್ಡು ಬಂದ ದಾರಿ ಗೋಪಾಲಸ್ವಾಮಿಯವರ ವಂಶದ್ದು.

ಹೊಸ ತಂಡಗಳೆಲ್ಲ ಯಾಕೆ ಶರೀಫರನ್ನು, ಪುರಂದರದಾಸರನ್ನು, ವಚನಗಳನ್ನು ಹಾಡುತ್ತವೆ? ಶರೀಫರಲ್ಲಿರುವ ತುಂಟತನ, ಗೋವಿಂದಭಟ್ಟರೊಡನೆ ಅವರಿಗಿದ್ದ ಗುರುಶಿಷ್ಯ ನಂಟು, ಜಾತಿ ಮತ ಮೀರಿದ ಆ ಬಾಳು, ಇವೆಲ್ಲ ನಿಜವಾದ ಕಾರಣಗಳೇ. ಇನ್ನೊಂದು ಒಣ ಕಾರಣವೂ ಇದೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳಿಗೆ ಯಾರ ಅಪ್ಪಣೆಯೂ ಬೇಡ. ನಮ್ಮ 1957ರ ಕಾಯ್ದೆಯ ಪ್ರಕಾರ ಕವಿಯ ಹಕ್ಕು ಅವನು ತೀರಿದ ಮೇಲೂ ಅರವತ್ತು ವರ್ಷ ಉಳಿಯುತ್ತದೆ. ಬೇಂದ್ರೆಯವರದು 2041ರ ಕೊನೆಯವರೆಗೆ, ಕುವೆಂಪು ಅವರದು 2054ರವರೆಗೆ, ಕೆ.ಎಸ್.ನ. ಅವರದು 2063ರವರೆಗೆ. ಧ್ವನಿಮುದ್ರಣದ ಹಕ್ಕು ಬಿಡುಗಡೆಯಾಗಿ ಅರವತ್ತು ವರ್ಷ. 1960ರಲ್ಲಿ ಹೊರಬಂದ ತಟ್ಟೆಯದು 2020ರ ಕೊನೆಗೆ ಮುಗಿಯಿತು. ಅದರೊಳಗಿನ ಕವಿತೆಯದು ಮುಗಿಯದೇ ಇರಬಹುದು! ಒಂದೇ ಹಾಡಿಗೆ ಕವಿ, ಸಂಯೋಜಕ, ಕಂಪನಿ ಎಂದು ಮೂರು ಬೀಗ.

ಪಾಡ್‌ಕಾಸ್ಟ್ ಇಲ್ಲಿ ಬಂದು ಸೇರಿಕೊಳ್ಳುತ್ತದೆ. 2010ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಕನ್ನಡ ಪಾಡ್‌ಕಾಸ್ಟುಗಳು ತಲೆಯೆತ್ತಿದವು. 'ತಲೆ-ಹರಟೆ' ಎಂಬ ಹೆಸರೇ ಎಷ್ಟು ಚೆನ್ನ! ಇತಿಹಾಸ, ಅರ್ಥಶಾಸ್ತ್ರ, ಊಟ, ಕ್ರಿಕೆಟ್ಟು ಎಲ್ಲವನ್ನೂ ಜಗಲಿ ಕಟ್ಟೆಯ ಕನ್ನಡದಲ್ಲಿ ಮಾತಾಡಬಹುದು ಎಂದು ಅದು ತೋರಿಸಿತು. ಆದರೆ ಹಬ್ಬಕ್ಕೊಂದು ಹಾಡಿನ ಕಂತು ಮಾಡೋಣ ಎಂದು ಹೊರಟರೆ ಪಾಡ್‌ಕಾಸ್ಟಿನವರು ಗೋಡೆಗೆ ಬಡಿಯುತ್ತಾರೆ. ರೇಡಿಯೋ ನಿಲಯ ರಾಯಧನ ಕಟ್ಟಿ ಹಾಡು ಹಾಕುತ್ತದೆ. ಮನೆಯಲ್ಲಿ ಕೂತು ಕಂತು ಮಾಡುವವರಿಗೆ ಸಿನಿಮಾ ಹಾಡಿನ ಅನುಮತಿ ಪಡೆಯುವ ಶಕ್ತಿಯಿಲ್ಲ. ಹಾಗೇ ಹಾಕಿದರೆ ಕಂತೇ ಕಿತ್ತುಹೋಗುತ್ತದೆ. ಆಗ ಉಳಿಯುವವರು ಯಾರು? ತಮ್ಮ ಹಾಡನ್ನು ತಾವೇ ಬರೆದು, ತಾವೇ ಮುದ್ರಿಸಿಕೊಂಡು, ವಾಟ್ಸಾಪಿನಲ್ಲಿ 'ಹಾಕ್ಕೊಳ್ಳಿ ಗುರುಗಳೇ' ಎನ್ನಬಲ್ಲ ಊರಿನ ಸ್ವತಂತ್ರ ಹಾಡುಗಾರರು. ಜಗತ್ತಿನ ಹಲವು ನಗರಗಳಲ್ಲಿ ಪಾಡ್‌ಕಾಸ್ಟ್ ಮತ್ತು ಸ್ಥಳೀಯ ಸಂಗೀತ ಒಂದೇ ಗೂಡಿನಲ್ಲಿ ಬೆಳೆದದ್ದರ ಹಿಂದೆ ಪ್ರೀತಿಯ ಜೊತೆಗೆ ಈ ಲೆಕ್ಕವೂ ಇದೆ. ನಮ್ಮ ಪಾಡ್‌ಕಾಸ್ಟುಗಳು ಈ ಅನುಕೂಲವನ್ನು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ. ಮಾತು ಚೆನ್ನಾಗಿದೆ, ಹಾಡು ಕಡಿಮೆ.

ಮಾತಿನ ವಿಷಯಕ್ಕೆ ಬಂದರೆ, ಗಂಟೆಗಟ್ಟಲೆ ಕಿವಿಗೊಟ್ಟು ಮಾತು ಕೇಳುವುದನ್ನು ನಮಗೆ ಯಾವ ಆ್ಯಪೂ ಕಲಿಸಬೇಕಾಗಿರಲಿಲ್ಲ. ಗುರುರಾಜುಲು ನಾಯ್ಡು ಅವರ ಹರಿಕಥೆಯ ಕ್ಯಾಸೆಟ್ಟುಗಳು ಬಯಲುಸೀಮೆಯ ಜಾತ್ರೆಗಳಲ್ಲಿ ರಾತ್ರಿಯಿಡೀ ಓಡಿದವು. ಮಾಸ್ಟರ್ ಹಿರಣ್ಣಯ್ಯನವರ ನಾಟಕಗಳನ್ನು ನೋಡದೆ ಬರೀ ಕೇಳಿ ಬಾಯಿಪಾಠ ಮಾಡಿಕೊಂಡವರಿದ್ದಾರೆ. ಕರಾವಳಿಯವರಿಗಂತೂ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದ್ಯ, ಮದ್ದಳೆ, ಚೆಂಡೆ, ಆಮೇಲೆ ಅರ್ಥಧಾರಿಗಳು ಎದುರುಬದುರು ಕೂತು ಹೊತ್ತಿಗೆ ಹೊಳೆದಂತೆ ಆಡುವ ವಾದ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಗೆ ಬರೆದಿಟ್ಟ ಸಂಭಾಷಣೆಯೇ ಇರಲಿಲ್ಲ. ಒಂದು ರಾತ್ರಿಯದು ಇನ್ನೊಂದು ರಾತ್ರಿಗೆ ಬಾರದು. ಹಾಗಾಗಿ ಪ್ರತಿ ಮುದ್ರಣವೂ ಒಂದೇ ಒಂದು ಪ್ರತಿ ಇರುವ ಗ್ರಂಥದಂತೆ.

ಈ ಗ್ರಂಥಗಳ ದೊಡ್ಡ ಪಾಲು ಮುಂಬಯಿಯಲ್ಲಿದೆ ಎಂದು ನಾನು ಹೇಳುವುದು ಸುಮ್ಮನಲ್ಲ. ಮಳೆಗಾಲದಲ್ಲಿ ಊರಿನ ಮೇಳಗಳಿಗೆ ತಿರುಗಾಟವಿಲ್ಲ. ಆಗ ಕಲಾವಿದರು ಮುಂಬಯಿಗೆ ಬರುತ್ತಿದ್ದರು, ಈಗಲೂ ಬರುತ್ತಾರೆ. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ಹುಡುಗರು, ಬ್ಯಾಂಕಿನ ಗುಮಾಸ್ತರು, ಸಂಘಗಳ ಕಾರ್ಯದರ್ಶಿಗಳು ಸಭೆಯ ಮುಂದಿನ ಸಾಲಿನಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಕೂರುತ್ತಿದ್ದರು. ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ 1926ರಿಂದ, ಮಾಹೀಮಿನ ಕರ್ನಾಟಕ ಸಂಘಕ್ಕೆ 1933ರಿಂದ ಚರಿತ್ರೆಯಿದೆ. ಸಂಘಗಳ ವರದಿಗಳಲ್ಲಿ ಕಾರ್ಯಕ್ರಮದ ದಿನಾಂಕ, ಅಧ್ಯಕ್ಷರ ಹೆಸರು, ಹಾರ ಹಾಕಿದವರ ಹೆಸರು ಸಿಗುತ್ತದೆ. ಏನು ಮಾತಾಡಿದರು, ಹೇಗೆ ಹಾಡಿದರು ಎಂಬುದು ಸಿಗುವುದು ಆ ಟೇಪುಗಳಲ್ಲಿ ಮಾತ್ರ. ಅವು ಯಾವ ಸಂಸ್ಥೆಯ ಕಪಾಟಿನಲ್ಲೂ ಇಲ್ಲ, ಡೊಂಬಿವಲಿಯ, ಭಾಂಡುಪಿನ, ಮೀರಾರೋಡಿನ ಅಟ್ಟಗಳಲ್ಲಿವೆ. ಕೆಲವನ್ನು ಮಕ್ಕಳು ಮನೆ ಬದಲಿಸುವಾಗ ರದ್ದಿಗೆ ಹಾಕಿದ್ದೂ ಆಗಿದೆ.

ದಸರಾ ರಜೆಗೋ ದೀಪಾವಳಿಗೋ ಅಂಥ ಪೆಟ್ಟಿಗೆಯೊಂದು ನಿಮ್ಮ ಕೈಗೆ ಸಿಕ್ಕರೆ, ಆಸೆಪಟ್ಟು ಕೂಡಲೇ ಪ್ಲೇಯರಿಗೆ ಹಾಕಬೇಡಿ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಓಡಿಸಲೇ ಬಾರದು. ಪ್ಲೇಯರಿನ ತಲೆಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಅಂಥದ್ದನ್ನು ಬೇರೆ ಇಟ್ಟು ತಿಳಿದವರಿಗೆ ಕೊಡಿ. ಬೂಷ್ಟಿಲ್ಲದಿದ್ದರೆ ಪೆನ್ಸಿಲ್ ತೂರಿಸಿ ಎರಡು ಸುತ್ತು ಮೆಲ್ಲಗೆ ತಿರುಗಿಸಿ, ಬಿಗಿಯಾಗಿದೆಯೇ ನೋಡಿ. ಸುರುಳಿಯ ಹಿಂದೆ ಇರುವ ಪುಟ್ಟ ಮೆತ್ತೆ ಉದುರಿದ್ದರೆ ದನಿ ಮಂಕಾಗುತ್ತದೆ, ಅದನ್ನು ಮತ್ತೆ ಅಂಟಿಸಬಹುದು. ಪ್ಲೇಯರಿನ ತಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ತಂತಿಯಿಂದ ನೇರ ಲ್ಯಾಪ್‌ಟಾಪಿಗೆ ಜೋಡಿಸಿ, ಎರಡೂ ಬದಿಯನ್ನು ನಿಲ್ಲಿಸದೆ ಓಡಿಸಿ. ಕೆಮ್ಮು, ಚಪ್ಪಾಳೆ, 'ಸ್ವಲ್ಪ ಮೈಕ್ ಈ ಕಡೆ' ಎಂಬ ಕೂಗು ಯಾವುದನ್ನೂ ಕತ್ತರಿಸಬೇಡಿ. ಹೊದಿಕೆಯ ಕಾಗದದ ಮೇಲೆ ಪೆನ್ನಿನಲ್ಲಿ ಏನಾದರೂ ಬರೆದಿದ್ದರೆ ಮೊದಲು ಅದರ ಫೋಟೋ ತೆಗೆದುಕೊಳ್ಳಿ; ಬರೆದವರು ಇನ್ನೂ ಇದ್ದರೆ ಆ ಸಂಜೆ ಯಾರ ಪಕ್ಕ ಕೂತಿದ್ದಿರಿ, ಹೊರಗೆ ಮಳೆಯಿತ್ತೇ ಎಂದು ಅವರನ್ನೇ ಕೇಳಿ, ಆ ಉತ್ತರವನ್ನೂ ಫೋನಿನಲ್ಲಿ ಮುದ್ರಿಸಿಕೊಳ್ಳಿ.